ಪೈಲಟ್ ಅಮೃತಾಳನ್ನು ಪರಿಚಯಿಸಿದ ದಿನ

ನಮ್ಮ ಕಾಲೇಜಿಗೆ ಯಾವ ಅತಿಥಿ ಬಂದರೂ ಅವರ ಪರಿಚಯ ಬರೆಯುವವಳು ನಾನು, ಅದನ್ನು ಮೈಕಿನಲ್ಲಿ ಓದುವವನು ಆಡಳಿತ ಮಂಡಳಿಯ ಕಾರ್ಯದರ್ಶಿ ಪ್ರಭುರಾಜ. ತಹಶೀಲ್ದಾರರು, ಸ್ವಾಮಿಗಳು, ಬೀಜದ ಕಂಪನಿಯ ಮಾಲೀಕರು, ಒಮ್ಮೆ ಒಬ್ಬ ಕಬಡ್ಡಿ ಆಟಗಾರ, ಎಲ್ಲರನ್ನೂ ಹದಿನಾರು ವರ್ಷದಿಂದ ನಾನು ಕಾಗದದ ಮೇಲೆ ಹೊಗಳಿದ್ದೇನೆ. ನನ್ನ ಹೆಸರು ಭವಾನಿ. ಕುಷ್ಟಗಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹದಿನಾರು ವರ್ಷ ಒಂದೇ ಮನೆಯಲ್ಲಿ ಅತಿಥಿಯಾಗಿ ಕೂತವಳನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ಕಾಗದದಲ್ಲಿ ಪ್ರಭುರಾಜ 'ಅವರು', ನನ್ನ ಮನಸ್ಸಿನಲ್ಲಿ 'ಅವನು'. ಎರಡನೆಯ ಮಗಳು ಹುಟ್ಟಿದಾಗ ಎರಡು ತಿಂಗಳು ರಜೆ ಕೇಳಿದ್ದೆ. ತಿರುಗಿ ಬರುವಷ್ಟರಲ್ಲಿ ನನ್ನ ಪಾಠಗಳು ಅವನ ತಂಗಿಯ ಮಗಳ ಪಾಲಾಗಿದ್ದವು. ಆರು ತಿಂಗಳು ಮನೆಯಲ್ಲಿ ಕೂತೆ. ಆಮೇಲೆ ಕರೆ ಬಂತು, ಪಾಠಕ್ಕಲ್ಲ, ಬರವಣಿಗೆಗೆ. ಆ ಹುಡುಗಿ ತಾನು ಬರೆದ ಪರಿಚಯದಲ್ಲಿ ಬದುಕಿದ್ದ ಸ್ವಾಮಿಗಳನ್ನು ಲಿಂಗೈಕ್ಯರನ್ನಾಗಿ ಮಾಡಿಬಿಟ್ಟಿದ್ದಳಂತೆ. ಹೋದೆ. ಹೊಟ್ಟೆಪಾಡು, ಏನು ಮಾಡಲಿ.

ಅವನಲ್ಲಿ ಒಂದು ಚಾಳಿ ಇದೆ. ಕೊಟ್ಟ ಕಾಗದವನ್ನು ಮೊದಲೇ ಓದಿ ನೋಡುವುದಿಲ್ಲ. ಮೊದಮೊದಲು ನಾನೇ, "ಸರ್, ಒಮ್ಮೆ ಕಣ್ಣ ಹಾಯಸ್ರಿ" ಅನ್ನುತ್ತಿದ್ದೆ.

"ಪರೀಕ್ಷಾಕ್ಕ ಕುಂತ ಹುಡುಗನಂಗ ಮೊದ್ಲ ಬಾಯಿಪಾಠ ಮಾಡ್ಕೊಂಡು ಬರ್ಲೇನು?" ಎಂದು ಗದರುತ್ತಿದ್ದ. "ಪ್ರಭುರಾಜ ಮೈಕ್ ಮುಂದ ನಿಂತ ಮ್ಯಾಲ ಓದಾಂವ."

ಓದುತ್ತ ಓದುತ್ತ ನಡುವೆ ತನ್ನದೂ ನಾಲ್ಕು ಮಾತು ಸೇರಿಸುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದೇ ಅವನಿಗೆ ಊಟ.

ಈ ವರ್ಷ ಪದವಿ ಪ್ರದಾನ ಸಮಾರಂಭಕ್ಕೆ ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸ್ ಬಿತ್ತು. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ತಲೆಗೆ ಟೋಪಿ. 'ನಮ್ಮ ಕಾಲೇಜಿನ ಹೆಮ್ಮೆಯ ಕುಡಿ, ಪೈಲಟ್ ಕುಮಾರಿ ಅಮೃತಾ.' ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ಪ್ರಭುರಾಜನ ಮುಖ. ಫ್ಲೆಕ್ಸಿನ ಕೆಳಗೆ ನಿಂತು ನಾನು ನಕ್ಕೆ. ಆಮೇಲೆ ಮೈ ಉರಿಯಿತು. ಯಾಕೆಂದರೆ ಆ ಕುಡಿಯನ್ನು ಚಿವುಟಿ ಹೊರಗೆ ಎಸೆದ ದಿನ ನಾನು ಅಲ್ಲೇ ಇದ್ದೆ.

ಅದು ಎರಡು ಸಾವಿರದ ಹದಿಮೂರರ ಚುನಾವಣೆಯ ಬೇಸಿಗೆ. ಅಮೃತಾ ಬಿ.ಎ. ಮೊದಲ ವರ್ಷ. ಪಿಯುಸಿಯಲ್ಲೂ ಆರ್ಟ್ಸೇ. ಅಪ್ಪ ಕೊಟ್ರಪ್ಪನಿಗೆ ದಾಳಿಂಬೆ ತೋಟ, ಜೊತೆಗೆ ಬೀಜದ ವ್ಯಾಪಾರ. ಯಾರೋ ದೊಡ್ಡ ನಾಯಕರ ಹೆಲಿಕಾಪ್ಟರು ನಮ್ಮ ಕಾಲೇಜಿನ ಮೈದಾನದಲ್ಲೇ ಇಳಿಯಿತು. ಹುಡುಗಿಯರನ್ನು ಹೂವಿನ ತಟ್ಟೆ ಕೊಟ್ಟು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ನಾಯಕರು ವೇದಿಕೆಗೆ ಹೋದರು, ಅವರ ಹಿಂದೆ ಪ್ರಭುರಾಜನೂ ಓಡಿದ. ಹೆಲಿಕಾಪ್ಟರಿನ ನೆರಳಲ್ಲಿ ಪೈಲಟ್ ಒಬ್ಬನೇ ನೀರು ಕುಡಿಯುತ್ತ ನಿಂತಿದ್ದ. ಅಮೃತಾ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು, ಹಗ್ಗದ ಕೆಳಗೆ ನುಸುಳಿ, ಅವನ ಹತ್ತಿರ ನಡೆದೇಬಿಟ್ಟಳು. ಐದು ನಿಮಿಷ ಮಾತಾಡಿ ಓಡಿಬಂದು ನನ್ನ ಕೈ ಹಿಡಿದಳು.

"ಮೇಡಮ್ಮಾರ, ಪೈಲಟ್ ಆಗಾಕ ಡಿಗ್ರಿ ಬೇಕಾಗಿಲ್ಲಂತ್ರೀ! ಪಿಯುಸಿ ಸಾಕಂತ. ಫಿಜಿಕ್ಸು, ಗಣಿತ ಮಾತ್ರ ಪಾಸಾಗಿರಬೇಕಂತ. ನಮ್ಮಂಥಾ ಆರ್ಟ್ಸ್ ನವ್ರು ಓಪನ್ ಸ್ಕೂಲಿನಾಗ ಆ ಎರಡನ್ನ ಕಟ್ಟಿ ಬರೀಬಹುದಂತ."

ಅವಳಿಗೆ ಆಗಿದ್ದದ್ದು ಇಷ್ಟೇ, ಒಂದು ಸಂಶಯ ಪರಿಹಾರ. ಆದರೆ ನಾಯಕರ ಹಿಂಬಾಲಕನೊಬ್ಬ ವೇದಿಕೆಯ ಮೇಲೆ ಪ್ರಭುರಾಜನ ಕಿವಿಯಲ್ಲಿ, "ನಿಮ್ಮ ಹುಡುಗ್ಯಾರು ಭಾಳ ಧೈರ್ಯವಂತರು ಬಿಡ್ರಿ" ಎಂದು ಹಲ್ಲು ಕಿಸಿದನಂತೆ. ಅಷ್ಟಕ್ಕೇ ಅವನ ಮೀಸೆ ಮಣ್ಣಾಯಿತು. ಮೂರನೆಯ ದಿನ ಕೊಟ್ರಪ್ಪನನ್ನು ಮಗಳ ಸಮೇತ ಕರೆಸಿದ. ಕಾಲೇಜಿನ ಬರವಣಿಗೆಯೆಲ್ಲ ನನ್ನ ತಲೆಗೇ ಕಟ್ಟಿದ್ದರಿಂದ ನಾನೂ ಆ ಕೋಣೆಯ ಮೂಲೆಯಲ್ಲಿ ಕೂತಿದ್ದೆ.

"ಕೊಟ್ರಪ್ಪ, ನಿನ್ನ ಮಗಳು ಗುರುತಿಲ್ಲದ ಗಂಡಸರ ಹಂತ್ಯಾಕ ಹೋಗಿ ನಕ್ಕೋಂತ ನಿಂದರತಾಳ. ಇಲ್ಲಿ ಮಾನವಂತರ ಮಕ್ಕಳೂ ಅದಾರ. ಡಿಗ್ರಿ ಮುಗಸೂ ಯೋಗ್ಯತಾ ಇಲ್ಲ, ವಿಮಾನ ಹಾರಸ್ತಾಳಂತ ವಿಮಾನ! ಲಗೂನ ಯಾವನಿಗೆರ ಕೊಟ್ಟು ಕೈ ತೊಳ್ಕೊ."

ಕೊಟ್ರಪ್ಪ ಮಗಳ ಕಡೆ ನೋಡಿದ, ಕೈ ಮುಗಿದ, ಕರೆದುಕೊಂಡು ಹೋದ. ಮರುದಿನ ಅವನ ಮನೆಗೆ ರಿಜಿಸ್ಟರ್ ಪತ್ರ ಹೋಯಿತು. 'ಅಪರಿಚಿತ ಪುರುಷರೊಂದಿಗೆ ಅನುಚಿತ ವರ್ತನೆಯ ಕಾರಣ ತಮ್ಮ ಮಗಳನ್ನು ಕಾಲೇಜಿನಿಂದ ಕೈಬಿಡಲಾಗಿದೆ.' ನಮ್ಮ ಕಡೆ ಒಂದು ಹುಡುಗಿಯ ಹೆಸರು ಕೆಡಲು ಇಷ್ಟು ಸಾಕು. ಗಂಗಾವತಿಯಿಂದ ಬಂದಿದ್ದ ಸಂಬಂಧ ಮುರಿಯಿತು. ಓಣಿಯ ಹೆಂಗಸರು ಅವಳ ತಾಯಿಯನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

ಮುಂದಿನದನ್ನೆಲ್ಲ ಅಮೃತಾ ನನಗೆ ಹೇಳಿದ್ದು ಮೊನ್ನೆ, ಪರಿಚಯ ಬರೆಯಲೆಂದು ಫೋನ್ ಮಾಡಿದಾಗ. ಹನ್ನೆರಡು ವರ್ಷದ ಮೇಲೆ ಅವಳ ದನಿ ಕೇಳಿದೆ. ನಾನು ವಾಡಿಕೆಯಂತೆ, "ಚಿಕ್ಕಂದಿನಿಂದ ಆಕಾಶದಾಗ ಹಾರೂ ಕನಸು ಇತ್ತು ಅಂತ ಬರೀಲೇನವ್ವಾ?" ಎಂದೆ.

"ಕನಸು ಗಿನಸು ಬರೀಬ್ಯಾಡ್ರಿ ಮೇಡಮ್ಮಾರ. ನನಗ ಯಾವ ಕನಸೂ ಇರಲಿಲ್ಲ. ಅವತ್ತು ಸುಮ್ನ ಕೇಳಾಕ ಹೋಗಿದ್ದೆ, ಮನಿಗೆ ಬಂದು ಮರತೂ ಬಿಡತಿದ್ದೆ. ಆ ಮನಷ್ಯಾ ಹಂಗ ಅಂದಿದ್ದಕ್ಕ ಕಲತೆ. ಸಿಟ್ಟೀಲೆ ಕಲತೀನಿ, ಸಿಟ್ಟು ಅಂತನ ಬರೀರಿ."

ಓಪನ್ ಸ್ಕೂಲಿನಲ್ಲಿ ಫಿಜಿಕ್ಸ್ ಮೊದಲ ಸಲಕ್ಕೇ ಪಾಸಾಯಿತು. ಗಣಿತ ಕೈಕೊಟ್ಟಿತು. ಇರಕಲ್ಲಗಡದಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಎರಡನೆಯ ಸಲಕ್ಕೆ ಅದನ್ನೂ ಗೆದ್ದಳು. ಆಮೇಲೆ ಕಣ್ಣು, ಕಿವಿ, ಎದೆ ಎಲ್ಲವನ್ನೂ ತಪಾಸಣೆ ಮಾಡುವ ಡಾಕ್ಟರುಗಳು. ಹವಾಮಾನ, ದಿಕ್ಕು ಹಿಡಿಯುವ ಲೆಕ್ಕ, ಆಕಾಶದ ಕಾನೂನು, ಎಂಜಿನ್ನು, ಒಂದೊಂದಕ್ಕೂ ಒಂದೊಂದು ಪರೀಕ್ಷೆ. ರೇಡಿಯೋದಲ್ಲಿ ಮಾತಾಡಲಿಕ್ಕೂ ಬೇರೆ ಪರೀಕ್ಷೆಯಂತೆ. ಕೊಟ್ರಪ್ಪ ಹೆದ್ದಾರಿಗೆ ತಾಗಿಕೊಂಡಿದ್ದ ಹೊಲ ಮಾರಿ ಮಗಳನ್ನು ಉತ್ತರದ ಕಡೆಯ ವಿಮಾನ ತರಬೇತಿ ಶಾಲೆಗೆ ಕಳಿಸಿದ. ಬಳಗದವರು ಅವನಿಗೆ ಹುಚ್ಚು ಹಿಡಿದಿದೆ ಎಂದರು.

"ಮೊದಲನೇ ಸಲ ಒಬ್ಬಾಕೀನ ವಿಮಾನ ಎತ್ತಿದಾಗ ಎಲ್ರೂ ದೇವರನ್ನ ನೆನಸ್ತಾರಂತ್ರಿ," ಎಂದಳು ಅಮೃತಾ. "ನಾ ಪ್ರಭುರಾಜನ್ನ ನೆನಸಿದೆ. ರೇಡಿಯೋ ಬಂದ್ ಐತೋ ಇಲ್ಲೋ ಎರಡು ಸಲ ನೋಡ್ಕೊಂಡು, ಹೆಸರು ಹಿಡದು ಬಾಯಿಗೆ ಬಂದಂಗ ಬೈದೆ. ನೆಲಕ್ಕಿಳದಾಗ ನಮ್ಮ ಗುರುಗಳು ಛಲೋ ಇಳಿಸಿದಿ ಅಂದ್ರು."

ಇನ್ನೂರು ತಾಸು ಹಾರಿದ್ದಾಯಿತು, ಲೈಸೆನ್ಸ್ ಬಂತು, ಅದರ ಬೆನ್ನಿಗೇ ಕೊರೋನಾ ಬಂತು. ಇದ್ದ ಪೈಲಟ್ಟುಗಳೇ ಮನೆಯಲ್ಲಿ ಕೂತಿದ್ದಾಗ ಹೊಸಬರನ್ನು ಯಾರು ಕೇಳುತ್ತಾರೆ? ಎರಡು ವರ್ಷ ಕುಷ್ಟಗಿಯ ಮನೆಯಲ್ಲಿ ದಾಳಿಂಬೆ ಆರಿಸುತ್ತ ಕೂತಳು. 'ಡಿಗ್ರೀನೂ ಇಲ್ಲ, ವಿಮಾನಾನೂ ಇಲ್ಲ' ಎಂದು ಓಣಿಯವರು ಆಡಿಕೊಂಡರು. ಆಮೇಲೆ ಒಂದು ವಿಮಾನ ಕಂಪನಿಯ ಪರೀಕ್ಷೆ ಪಾಸಾದಳು. ಈಗ ಮೂರು ವರ್ಷದಿಂದ ಹೈದರಾಬಾದಿನಲ್ಲಿ ಸಹ ಪೈಲಟ್. ನೂರೆಂಬತ್ತು ಜನರನ್ನು ಎತ್ತಿಕೊಂಡು ಹೋಗಿ ಇಳಿಸುತ್ತಾಳೆ. ಡಿಗ್ರಿ ಇವತ್ತಿಗೂ ಇಲ್ಲ.

"ಇಷ್ಟೆಲ್ಲ ಆಗಿ ಈ ಸಮಾರಂಭಕ್ಕ ಯಾಕ ಒಪ್ಪಿದಿಯವ್ವಾ?" ಎಂದು ಕೇಳಿದೆ.

"ಆ ಮನಷ್ಯಾ ನಮ್ಮಪ್ಪನ ಮುಂದ ಕೈ ಮುಗದು ನಿಂದರಬೇಕ್ರಿ. ಅಷ್ಟ."

"ಅಷ್ಟು ಸಾಕಾಗಂಗಿಲ್ಲ," ಎಂದೆ ನಾನು. ನನ್ನೊಳಗೆ ಹದಿನಾರು ವರ್ಷದ ಬೆಂಕಿ ಎದ್ದು ಕೂತಿತ್ತು. ಅವನು ಮಾಡಿದ್ದನ್ನು ಅವನ ಬಾಯಿಂದಲೇ, ಅವನದೇ ಮೈಕಿನಲ್ಲಿ, ಊರಿನ ಮುಂದೆ ಹೇಳಿಸುತ್ತೇನೆ ಎಂದೆ. ಹೇಗೆ ಎಂಬುದನ್ನೂ ಹೇಳಿದೆ.

"ಬರೀರಿ ಮೇಡಮ್ಮಾರ. ಇದನ್ನ ನೀವ ಬರೀಬೇಕು," ಎಂದಳು.

ಎರಡು ಪುಟ ಬರೆದೆ. ಮೊದಲ ಪುಟದಲ್ಲಿ ಊರಿಲ್ಲ, ಹೆಸರಿಲ್ಲ, ಹೆಲಿಕಾಪ್ಟರೂ ಇಲ್ಲ. 'ಒಂದು ಕಾಲೇಜು', 'ಒಬ್ಬ ಹಿರಿಯರು', 'ಒಂದು ಪ್ರಶ್ನೆ ಕೇಳಿದ ತಪ್ಪಿಗೆ' ಎಂದಷ್ಟೇ. ಅವನಿಗೆ ಗುರುತು ಹತ್ತೀತು ಎಂಬ ಭಯ ನನಗಿರಲಿಲ್ಲ. ಎಷ್ಟೋ ತಂದೆಯರನ್ನು ಹಾಗೆ ನಿಲ್ಲಿಸಿದವನಿಗೆ ಯಾರ ಮುಖ ನೆನಪಿರುತ್ತದೆ? ಹೋದವರೆಲ್ಲ ತಾವಾಗಿಯೇ ಬಿಟ್ಟು ಹೋದರು ಎಂದೇ ಅವನು ನಂಬಿದ್ದಾನೆ.

ಸಮಾರಂಭದ ದಿನ ಅದೇ ಮೈದಾನದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಕೊಟ್ರಪ್ಪ, ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಕೂತಿದ್ದ. ವೇದಿಕೆಯ ಮೇಲೆ ಆಡಳಿತ ಮಂಡಳಿಯವರು, ಸ್ವಾಮಿಗಳು, ನಡುವೆ ಅಮೃತಾ. ಪ್ರಭುರಾಜ ನನ್ನ ಕೈಯಿಂದ ಕಾಗದ ಇಸಿದುಕೊಂಡು ನೇರ ಮೈಕಿಗೆ ಹೋದ.

"...ಆ ಕಾಲೇಜಿನ ಹಿರಿಯರೊಬ್ಬರು ಈ ಮುಗ್ಧ ಹುಡುಗಿಯ ತಂದೆಯನ್ನು ಕರೆಸಿ, ನಿನ್ನ ಮಗಳಿಗೆ ಡಿಗ್ರಿ ಮುಗಿಸುವ ಯೋಗ್ಯತೆಯಿಲ್ಲ, ಬೇಗ ಯಾರಿಗಾದರೂ ಕೊಟ್ಟು ಕೈ ತೊಳೆದುಕೋ ಎಂದು ಅವಮಾನಿಸಿದರು."

ಇಲ್ಲಿ ನಿಲ್ಲಿಸಿದ. ಕಣ್ಣು ಕೆಂಪಗೆ ಮಾಡಿದ. ಊಟ ಸಿಕ್ಕಿತ್ತಲ್ಲ!

"ಎಂಥೆಂಥಾ ಮಂದಿ ಇರತಾರ ನೋಡ್ರಿ! ಇಂಥಾವರನ್ನ ಏನ ಮಾಡಬೇಕು? ನಾ ಕೇಳತೀನಿ, ಏನ ಮಾಡಬೇಕು? ಚಪ್ಪಲಿ ಹಾರ ಹಾಕಿ ಊರಾಗ ಮೆರವಣಿಗಿ ಮಾಡಬೇಕು!"

ಚಪ್ಪಾಳೆಯೋ ಚಪ್ಪಾಳೆ. ಅವನು ಬೆವರು ಒರೆಸಿಕೊಂಡು, ಗತ್ತಿನಿಂದ ಪುಟ ತಿರುವಿದ.

"ಆ ಹಿರಿಯರು ಬೇರೆ ಯಾರೂ ಅಲ್ಲ, ಈಗ ಇದನ್ನು ಓದುತ್ತಿರುವ ಕಾರ್ಯದರ್ಶಿ ಶ್ರೀ ಪ್ರಭು..."

ನಾಲಿಗೆ ಅಲ್ಲೇ ನಿಂತಿತು. ಆಮೇಲೆ ಹಿಂದಿನ ಸಾಲಿನಿಂದ ಒಂದು ಸೀಟಿ, ಅದರ ಹಿಂದೆ ನೂರು. "ಮೈಕ್ ಬಂದ್ ಮಾಡೋ!" ಎಂದ ಅವನ ಮಾತೂ ಮೈಕಿನಲ್ಲೇ ಕೇಳಿಸಿತು, ಮೈಕಿನ ಕಲ್ಲೇಶನಿಗೆ ಮಾತ್ರ ಕೇಳಿಸಲಿಲ್ಲ. ಅಮೃತಾ ಎದ್ದು ಬಂದು ಅವನ ಕೈಯಿಂದ ಕಾಗದ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿದಳು. ಹೆಲಿಕಾಪ್ಟರು, ಆ ಕೋಣೆ, ಆ ಪತ್ರ, ಎಲ್ಲ. ಓದಿ ಮುಗಿಸಿ, "ಇನ್ನ ಡಿಗ್ರಿ ಹಂಚೂಣ್ರಿ ಸರ್" ಎಂದಳು.

ಇಳಿದು ಹೋದರೆ ಒಪ್ಪಿಕೊಂಡಂತೆ. ಹಾಗಾಗಿ ಅವನು ಅಲ್ಲೇ ನಿಲ್ಲಬೇಕಾಯಿತು. ನೂರಾ ಹನ್ನೆರಡು ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಎತ್ತಿ, ಡಿಗ್ರಿ ಇಲ್ಲದವಳ ಕೈಗೆ ಕೊಡುತ್ತ ನಿಂತ. ಕಡೆಗೆ ಸ್ವಾಮಿಗಳು ಏನೋ ಪಿಸುಗುಟ್ಟಿದ ಮೇಲೆ ಕೆಳಗಿಳಿದು ಕೊಟ್ರಪ್ಪನ ಮುಂದೆ ಕೈ ಮುಗಿದ. ಮಾಡಿದ್ದುಣ್ಣೋ ಮಹರಾಯ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಅಮೃತಾ ಕಾರು ಹತ್ತುತ್ತಿದ್ದಳು. ನಾನು ಗೆದ್ದವಳ ಹಾಗೆ ಓಡಿ ಹೋದೆ. ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ಭಾಳ ಛಲೋ ಬರದೀರಿ ಮೇಡಮ್ಮಾರ," ಎಂದಳು. ನಗಲಿಲ್ಲ. "ಆದ್ರ ಒಂದು ಹೆಸರು ಬಿಟ್ಟೀರಿ."

"ಯಾರದವ್ವಾ?"

"ನಮ್ಮ ಮನಿಗೆ ಬಂದ ಪತ್ರ ಇನ್ನೂ ಐತ್ರಿ. ಆ ಮನಷ್ಯಾ ಗುರುತಿಲ್ಲದ ಗಂಡಸರು ಅಂತ ಬಾಯಿಲೆ ಅಂದಿದ್ದ. ಅನುಚಿತ ವರ್ತನೆ ಅನ್ನೂ ಮಾತು ಅವಂಗ ಎಲ್ಲಿ ಬರಬೇಕ್ರಿ? ಅದು ಕನ್ನಡ ಕಲಿಸೂವರ ಮಾತು. ನಾನು ಯಾಕ ಹೋಗಿದ್ದೆ ಅಂತ ನಿಮಗ ಒಬ್ಬರಿಗೆ ಗೊತ್ತಿತ್ತು."

ಕೊಟ್ರಪ್ಪ ನನ್ನ ಕಡೆ ನೋಡದೆ ಬಾಗಿಲು ಎಳೆದುಕೊಂಡ. ಕಾರು ಹೋಯಿತು. ನನಗೆ ನಾಚಿಕೆಯಾಯಿತು, ಅದರ ಜೊತೆಗೇ ಅವಳ ಮೇಲೆ ಸಿಟ್ಟೂ ಬಂತು. ಸಿಟ್ಟು ಎರಡು ದಿನಕ್ಕೆ ಇಳಿಯಿತು.

ಸೋಮವಾರ ಕಾಲೇಜಿಗೆ ಹೋದೆ. ನನ್ನನ್ನು ತೆಗೆದುಹಾಕಿದ್ದಾರೆಂದು ಗುಮಾಸ್ತ ತಲೆ ತಗ್ಗಿಸಿ ಹೇಳಿದ. ಆದರೆ ಅದಕ್ಕೊಂದು ಪತ್ರ ಬೇಕು, ಕಚೇರಿಯಲ್ಲಿ ಬರೆಯುವವರು ಬೇರೆ ಯಾರೂ ಇಲ್ಲ. ಅಳುಕುತ್ತಲೇ ಕಾಗದ ನನ್ನ ಮುಂದೆ ಸರಿಸಿದ. ಕೂತು ಬರೆದುಕೊಟ್ಟೆ. ಕಾರ್ಯದರ್ಶಿಯ ಸಹಿಗೆ ಜಾಗ ಬಿಟ್ಟು, ಅದರ ಕೆಳಗೆ ಹನ್ನೆರಡು ವರ್ಷದ ಹಿಂದೆ ಬರೆಯದೆ ಉಳಿಸಿಕೊಂಡಿದ್ದನ್ನೂ ಬರೆದೆ: ಈ ಪತ್ರ ಬರೆದವಳು, ಭವಾನಿ.