ಸಿಂಕಿನೊಳಗಿನ ಬೋಗುಣಿ

ಎಪ್ಪತ್ತರ ದಶಕದಲ್ಲಿ ನಾನು ಬನಾರಸ್ಸಿನಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ವಯಸ್ಸಾದ ಅಟೆಂಡರ್ ಒಬ್ಬರಿದ್ದರು. ಖಾಕಿ ಕೋಟು, ಬಾಯಲ್ಲಿ ಪಾನ್, ಹೆಗಲ ಮೇಲೆ ಗಮ್ಛಾ. ಯಾರು ಏನು ಚೆಲ್ಲಿ ಅತ್ತರೂ ತಮ್ಮ ಬನಾರಸಿ ಹಿಂದಿಯಲ್ಲಿ ಒಂದೇ ಸಮಾಧಾನ ಹೇಳುತ್ತಿದ್ದರು: "ಇನ್ನೂ ಗಂಗಾಜಿ ತನಕ ಹೋಗಿಲ್ಲ, ಬಿಟಿಯಾ." ನಾವೆಲ್ಲ ಅವರಿಗೆ ಬಿಟಿಯಾ, ಅಂದರೆ ಮಗಳು.

ಫೈನಲ್ ಪ್ರಾಕ್ಟಿಕಲ್ ದಿನ ನಾನು ತುಂಬ ನರ್ವಸ್ ಆಗಿದ್ದೆ. ಫೇಲಾದರೆ ಓದು ಸಾಕು, ಮೈಸೂರಿನ ಸೋದರತ್ತೆ ನೋಡಿಟ್ಟ ಹುಡುಗನಿಗೆ ಕೊಟ್ಟುಬಿಡುತ್ತೇನೆ ಎಂದಿದ್ದರು ಅಪ್ಪ. ಕೊಟ್ಟ ಸಾಲ್ಟ್‌ನಲ್ಲಿ ಏನೇನಿದೆ ಎಂದು ಕಂಡುಹಿಡಿಯಬೇಕು. ಎರಡನೇ ಸಲ ಕೊಡುವುದಿಲ್ಲ. ನಾನು ಸೋಸಿ, ಪೇಪರಿನ ಮೇಲೆ ಉಳಿದ ಕಪ್ಪು ಗಸಿಯನ್ನು ಜೋಪಾನ ಮಾಡಿ, ಮುಂದಿನ ಟೆಸ್ಟುಗಳಿಗೆಲ್ಲ ಬೇಕಾಗಿದ್ದ ಕೆಳಗಿನ ನೀರನ್ನು ಸಿಂಕಿಗೆ ಸುರಿದುಬಿಟ್ಟೆ. ಓ ಮೈ ಗಾಡ್, ಮುಗೀತು ಅಂತ ಸ್ಟೂಲಿನ ಮೇಲೆ ಕುಸಿದೆ.

ಅಟೆಂಡರ್ ಬಂದು ಸಿಂಕಿನ ಕಡೆ ಗದ್ದ ಎತ್ತಿ ತೋರಿಸಿದರು. ಒಳಗೆ ತೊಳೆದಿಟ್ಟ ಪಿಂಗಾಣಿ ಬೋಗುಣಿ, ಅದರಲ್ಲಿ ನನ್ನ ನೀರಷ್ಟೂ ಇತ್ತು. ಪರೀಕ್ಷೆಯ ಬೆಳಿಗ್ಗೆ ಪ್ರತಿ ಸಿಂಕಿನಲ್ಲೂ ಒಂದೊಂದು ಇಡುವುದು ಅವರ ಪದ್ಧತಿಯಂತೆ. "ಗಂಗಾಜಿ ತನಕ ಹೋಗಿಲ್ಲ," ಅಂದರು. ಹೋದ ಜೀವ ಬಂದಂತಾಯಿತು.

ಪಾಸಾದ ಮೇಲೆ ಯೂನಿವರ್ಸಿಟಿ ಗೇಟಿನಾಚೆಯ ಲಂಕಾ ಪೇಟೆಯಿಂದ ಮಿಠಾಯಿ ಒಯ್ದು ಕೊಟ್ಟು ಕೇಳಿದೆ, "ನಾವು ಚೆಲ್ಲುತ್ತೀವಿ ಅಂತ ನಿಮಗೆ ಹೇಗೆ ಗೊತ್ತು, ಚಾಚಾ?"

ನಮ್ಮನ್ನು 'ಕೇರ್‌ಲೆಸ್ ಗರ್ಲ್ಸ್' ಎಂದೇ ಕರೆಯುತ್ತಿದ್ದ ಪ್ರೊಫೆಸರರ ರೂಮಿನತ್ತ ನೋಡಿ ದನಿ ತಗ್ಗಿಸಿದರು.

"ಸಾಹೇಬರೂ ಇಲ್ಲೇ ಓದುವಾಗ ಹೀಗೇ ಚೆಲ್ಲಿ ಒಂದು ವರ್ಷ ಕಳಕೊಂಡರು, ಬಿಟಿಯಾ. ಬೋಗುಣಿ ಇಡಬೇಕು ಅಂತ ಆಗ ನನಗಿನ್ನೂ ಹೊಳೆದಿರಲಿಲ್ಲ."