ದೊಡ್ಡಪ್ಪನ ಮೌನವ್ರತ

ನಮ್ಮ ದೊಡ್ಡಪ್ಪನದು ಮೌನವ್ರತ ಎಂದು ಊರಿಡೀ ನಂಬಿತ್ತು. ಮಾತಿಲ್ಲ, ನಗುವಿಲ್ಲ, ಜಗಲಿಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬಾಯಾರಿನಿಂದ ಬರುವ ನೆಂಟರಂತೂ ಅವರ ಕಾಲಿಗೆ ಬಿದ್ದ ಮೇಲೆಯೇ ಚಾ ಕುಡಿಯುತ್ತಿದ್ದರು. ವ್ರತಸ್ಥರ ಹೆಂಡತಿಯೆಂದು ದೊಡ್ಡಮ್ಮನಿಗೂ ಹೋದಲ್ಲೆಲ್ಲ ಮರ್ಯಾದೆ.

ನನ್ನ ತಮ್ಮ ಡಿಗ್ರಿಯ ಕೊನೆಯ ವರ್ಷದಲ್ಲಿ ಮಾತು ಬಿಟ್ಟಾಗ ನಾವು ಹೆದರಬೇಕಿತ್ತು. ಹೆದರಲಿಲ್ಲ. "ದೊಡ್ಡಪ್ಪನ ಸಂಸ್ಕಾರ ಬಂದಿದೆ" ಎಂದು ಅಮ್ಮ ಹಿಗ್ಗಿದಳು. ನಾನೂ ತಲೆಯಾಡಿಸಿದೆ, ನನ್ನ ಬುದ್ಧಿಗೆ ಬೆಂಕಿ ಬೀಳ! ಅವನು ಸ್ನಾನ ಬಿಟ್ಟು, ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ ಮೇಲೆಯೇ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೊರಟೆವು. ಬಂದ್ಯೋಡಿನಲ್ಲಿ ದೊಡ್ಡಮ್ಮ ಯಾರೂ ಕರೆಯದೆಯೇ ನಮ್ಮೊಂದಿಗೆ ಬಸ್ಸು ಹತ್ತಿದರು.

ಡಾಕ್ಟರು ಸ್ಕಿಜೋಫ್ರೇನಿಯಾ ಇರಬಹುದೆಂದರು. "ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗೆ ಉಂಟಾ?"

ನಮಗೆಲ್ಲ ಒಮ್ಮೆಲೇ ದೊಡ್ಡಪ್ಪನ ನೆನಪಾಯಿತು. ಆದರೂ ಅಮ್ಮ "ಇಲ್ಲವೇ ಇಲ್ಲ" ಎಂದಳು. ದೊಡ್ಡಮ್ಮನ ಮಗಳಿಗೆ ಕುಂಜತ್ತೂರಿನಿಂದ ಸಂಬಂಧ ಬಂದಿತ್ತು. ಅದು ತಪ್ಪಿ ಹೋದರೆ ಎಂಬ ಭಯ.

"ಉಂಟು ಡಾಕ್ಟ್ರೇ," ದೊಡ್ಡಮ್ಮ ಎದ್ದು ನಿಂತರು. "ನನ್ನ ಗಂಡನಿಗೆ. ವ್ರತ ಎಂತದ್ದೂ ಇಲ್ಲ, ಅದು ನಾನೇ ಕಟ್ಟಿದ ಕತೆ. ಅವರಿಗೂ ಹೀಗೇ ಶುರುವಾದದ್ದು. ಮದ್ದು ಕೊಟ್ಟಿದ್ರು. ಜನ ಎಂತ ಹೇಳ್ತಾರೋ ಅಂತ ನಾನು ನಿಲ್ಲಿಸಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಈ ಕಾಯಿಲೆ ರಕ್ತಸಂಬಂಧಿಗಳಲ್ಲಿ ಬರುವುದುಂಟು, ಬಂದೇ ಬರಬೇಕೆಂದಿಲ್ಲ ಎಂದರು. ಕೆಲವರಿಗೆ ಇಲ್ಲದ ದನಿಗಳು ಕೇಳುತ್ತವೆ, ಕೆಲವರು ಹೀಗೆ ಒಳಗೇ ಮುದುಡುತ್ತಾರೆ. ಒಂದೇ ಮನೆಯವರಲ್ಲಿ ಲಕ್ಷಣವೂ ಹೋಲುವುದುಂಟಂತೆ. "ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ಅವರನ್ನೂ ಕರ್ಕೊಂಡು ಬನ್ನಿ."

ಅಷ್ಟು ವರ್ಷದ ಮರ್ಯಾದೆಯನ್ನು ಆ ಹೆಂಗಸು ಒಂದೇ ಉಸಿರಿಗೆ ಬಿಟ್ಟುಕೊಟ್ಟರು. ನನ್ನಿಂದಾಗುತ್ತಿತ್ತೇ? ಖಂಡಿತ ಇಲ್ಲ. ಮರುವಾರವೇ ದೊಡ್ಡಪ್ಪನನ್ನೂ ಡಾಕ್ಟರ ಹತ್ತಿರ ಕರೆದೊಯ್ದು ಮದ್ದು ಶುರುಮಾಡಿಸಿದರು. ಕುಂಜತ್ತೂರಿನವರಿಗೂ ತಾವೇ ಫೋನ್ ಮಾಡಿ ಹೇಳಿದರು. ಅವರು ಮತ್ತೆ ಬರಲಿಲ್ಲ. ಮಗಳು ಎರಡು ದಿನ ಅಮ್ಮನಿಗೆ ಮುಖ ಕೊಡಲಿಲ್ಲ; ಮೂರನೆಯ ದಿನ ಅಪ್ಪನ ಮಾತ್ರೆಯ ಡಬ್ಬಿಯನ್ನು ತಾನೇ ತುಂಬಿಸಿಟ್ಟಳು. ಬಾಯಾರಿನ ನೆಂಟರು ಎಂದಿನಂತೆ ಕಾಲಿಗೆ ಬೀಳಲು ಬಗ್ಗಿದಾಗ ದೊಡ್ಡಮ್ಮ ತಡೆದರು: "ವ್ರತ ಅಲ್ಲ ಮಾರಾಯ್ರೇ, ಕಾಯಿಲೆ. ಮದ್ದು ಉಂಟು. ನೀವು ಚಾ ಕುಡೀರಿ."

ತಮ್ಮನಿಗೆ ಮದ್ದು ಶುರುವಾಗಿ ನಾಲ್ಕನೆಯ ತಿಂಗಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ತಮ್ಮ ತಟ್ಟೆ ನೋಡುತ್ತಲೇ ಹೇಳಿದ: "ಸಾರಿಗೆ ಉಪ್ಪು ಕಮ್ಮಿ."

ಅಮ್ಮ ಸೌಟು ಬಿಟ್ಟು ಅತ್ತಳು. ದೊಡ್ಡಮ್ಮ ಅವನನ್ನು ನೋಡಿ ನಕ್ಕರು. ಆಮೇಲೆ ಗಂಡನ ಕಡೆ ತಿರುಗಿದಾಗ ಆ ನಗು ಉಳಿಯಲಿಲ್ಲ. "ನಿಮಗೂ ಆಗಲೇ ಮದ್ದು ಕೊಡಿಸ್ಬೇಕಿತ್ತಲ್ಲ ನಾನು" ಎಂದರು.

ದೊಡ್ಡಪ್ಪ ಕೈ ಚಾಚಿ, ಉಪ್ಪಿನ ಭರಣಿಯನ್ನು ತಮ್ಮನ ತಟ್ಟೆಯ ಹತ್ತಿರ ಸರಿಸಿದರು.