ಕಂಪ್ಯೂಟರಿನಲ್ಲಿ ಕಂಡ ಕೌದಿಯ ಬೆಲೆ

ಭದ್ರಾವತಿಯ ಹಳೇನಗರದಲ್ಲಿ ಕೌದಿ ಬೇಕೆಂದವರಿಗೆ ಹುಲಿಗೆಮ್ಮ, ವೀರಮ್ಮ ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳುತ್ತಿದ್ದರು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಒಬ್ಬಳು ಈ ಅಂಚಿನಿಂದ, ಇನ್ನೊಬ್ಬಳು ಆ ಅಂಚಿನಿಂದ ಹೊಲಿಯುತ್ತ ನಡುವೆ ಸೇರುವ ಹೊತ್ತಿಗೆ ಬೀದಿಯ ಸುದ್ದಿಯೆಲ್ಲ ಮುಗಿದಿರುತ್ತಿತ್ತು.

2006ರಲ್ಲಿ ಶಿವಮೊಗ್ಗದ ರವೀಂದ್ರನಗರದ ರಶ್ಮಿ ಎಂಬಾಕೆ ಕೈಕೆಲಸದ ವಸ್ತುಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರಲು ಶುರುಮಾಡಿದಳು. ಕೌದಿಗೆ ಆರುನೂರು ಕೊಡುತ್ತೇನೆಂದಳು. ಸಂತೆಯಲ್ಲಿ ಇನ್ನೂರಕ್ಕೂ ಚೌಕಾಸಿ ಕಂಡಿದ್ದ ಹುಲಿಗೆಮ್ಮನಿಗೆ, ನೀವು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಲು ಹೊಳೆಯಲಿಲ್ಲ. ರಶ್ಮಿಯೂ ಹೇಳಲಿಲ್ಲ. ವೀರಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಹಾಗಾಗಿ ಹುಲಿಗೆಮ್ಮ ಒಬ್ಬಳೇ ಗಂಟು ಹೊತ್ತು ಹೋಗಿ, ತಂದ ದುಡ್ಡನ್ನು ವೀರಮ್ಮನ ಜಗಲಿಯ ಮೇಲೆ ಸರಿಪಾಲು ಮಾಡುತ್ತಿದ್ದಳು.

ವೀರಮ್ಮನ ಮಗಳು ಕವನ ಕಾಲೇಜಿಗೆ ಹೋಗುವವಳು. ಅಮ್ಮನ ಕೌದಿಯನ್ನು ಗೆಳತಿಯರಿಗೆ ತೋರಿಸುವ ಹುರುಪಿನಲ್ಲಿ ಸೈಬರ್ ಸೆಂಟರಿನಲ್ಲಿ ರಶ್ಮಿಯ ಮಾರಾಟದ ಪುಟ ತೆರೆದಳು. ಚಿತ್ರದ ಕೆಳಗೆ ಬೆಲೆ ಇತ್ತು: ಸಾವಿರದ ಎಂಟುನೂರು.

ಮರುದಿನ ಬೀದಿ ನಲ್ಲಿಯ ಹತ್ತಿರ ವೀರಮ್ಮ ಕೇಳಿಯೇಬಿಟ್ಟಳು. "ಹದಿನೆಂಟು ನೂರಂತೆ. ನಂಗೆ ಮುನ್ನೂರು ಕೊಟ್ಟು ಉಳಿದಿದ್ದು ಎಲ್ಲಿಟ್ಟೆ?"

"ಎಲ್ಲಿಡ್ಲಿ ಮಾರಾಯ್ತಿ? ಅವ್ರು ಕೊಟ್ಟಿದ್ದೇ ಆರುನೂರು. ನಿನ್ ಮುಂದೇನೇ ಎಣಿಸಿದ್ನಲ್ಲ."

"ನನ್ ಮುಂದೆ ಎಣಿಸಿದ್ದು ಅಷ್ಟು. ದಾರೀಲಿ ಎಣಿಸಿದ್ದು ಯಾರಿಗ್ ಗೊತ್ತು?"

ಕೊಡ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು. ಹುಲಿಗೆಮ್ಮ ಅರ್ಧ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ರಶ್ಮಿಯನ್ನೇ ಕೇಳೋಣವೆಂದು ಆ ದಿನವೇ ಶಿವಮೊಗ್ಗದ ಬಸ್ಸು ಹತ್ತಿದಳು.

"ಕೊರಿಯರ್, ವೆಬ್‌ಸೈಟಿನವರ ಕಮಿಷನ್, ವಾಪಸ್ ಬಂದ ಮಾಲು, ಎಲ್ಲ ಅದರಲ್ಲೇ ಹೋಗುತ್ತೆ. ನಾನು ಮೋಸ ಮಾಡಿಲ್ಲ ಹುಲಿಗೆಮ್ಮ," ಎಂದಳು ರಶ್ಮಿ.

"ಮಾಡಿಲ್ಲ ಅಂತ ನಂಬ್ತೀನಮ್ಮ. ಮೊದಲೇ ಒಂದ್ ಮಾತು ಹೇಳಿದ್ರೆ ನಾನೂ ಅವಳಿಗೆ ಹೇಳ್ತಿದ್ದೆ."

ರಶ್ಮಿಗೆ ಮುಖ ಎತ್ತಲಾಗಲಿಲ್ಲ. ಭಾನುವಾರ ತಾನೇ ಭದ್ರಾವತಿಗೆ ಬಂದು ಒಂದೊಂದು ಖರ್ಚನ್ನೂ ವೀರಮ್ಮನಿಗೆ ಬಿಡಿಸಿ ಹೇಳಿದಳು. ಯಾರಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಇನ್ನುಮುಂದೆ ಬೆಲೆಯ ಕೆಳಗೇ ಬರೆಯುತ್ತೇನೆಂದಳು, ಬರೆದಳು ಕೂಡ.

ಸಂಜೆ ವೀರಮ್ಮ ಬಂದು ಹೊಸ್ತಿಲಲ್ಲೇ ನಿಂತು ಅತ್ತಳು. "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣೇ." ಹುಲಿಗೆಮ್ಮ ಒಳಗೆ ಕರೆದು ಚಹಾ ಕೊಟ್ಟಳು. ಸಿಟ್ಟೇನೂ ಇರಲಿಲ್ಲ. ಆದರೆ ಮೊದಲಿನ ಸಲಿಗೆ ಮನಸ್ಸಿಗೆ ಮರಳಲಿಲ್ಲ.

ಮತ್ತೆ ಕೌದಿ ಹಾಸಿದರು. ಸೂಜಿ ಓಡಿತು, ಮಾತು ಹೊರಡಲಿಲ್ಲ. ಮಾಲು ಕೊಡಲು ಹೊರಟಾಗಲೆಲ್ಲ ಹುಲಿಗೆಮ್ಮ, "ಕವನಾನ ಕಳಿಸು, ದುಡ್ಡು ಅವಳೇ ಇಸ್ಕೊಳ್ಲಿ," ಎನ್ನುತ್ತಿದ್ದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಮತ್ತೆ ಅಂಥ ಮಾತು ಬಂದೀತೆಂದು ಒಂಟಿಯಾಗಿ ಹೋಗಲು ನಿಜಕ್ಕೂ ಹೆದರಿಕೆ. ಪ್ರತಿ ಸಲವೂ ವೀರಮ್ಮನ ಮುಖ ಬಾಡುತ್ತಿತ್ತು. ಒಂದು ದಿನ ಅವಳು ಬರಲಿಲ್ಲ. ಹುಲಿಗೆಮ್ಮ ಕರೆಯಲಿಲ್ಲ.

ದೊಡ್ಡ ಕೌದಿ ಒಂಟಿ ಕೈಗೆ ಆಗದೆ ಹುಲಿಗೆಮ್ಮ ತೊಟ್ಟಿಲ ಕೌದಿಗಳನ್ನಷ್ಟೇ ಹೊಲಿಯತೊಡಗಿದಳು. ವೀರಮ್ಮ ನ್ಯೂಟೌನಿನ ಮೆಸ್ಸೊಂದರಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿದಳು. ದಾರಿಯಲ್ಲಿ ಎದುರಾದರೆ "ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಬ್ಬರೂ ಮುಂದೆ ನಡೆಯುತ್ತಿದ್ದರು.